ಮೇಷ್ಟ್ರ ಕೋಟಿನ ನಡುವಿನ ಪದರ

ಕಂತು ೯

"ಕೈ ಹಾಕಿ ಸಾರ್."

ಮೇಷ್ಟ್ರು ದುಂಡಪ್ಪ ಕೈ ಹಾಕಲಿಲ್ಲ. ಮೇಜಿನ ಮೇಲೆ ಬಿಡಿಸಿಟ್ಟಿದ್ದ ಕೋಟನ್ನು ಒಮ್ಮೆ ನೋಡಿದ, ಎದುರು ಕುರ್ಚಿಯಲ್ಲಿ ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಪತ್ತೇದಾರಿಣಿ ಪುಟ್ಟಲಕ್ಷ್ಮಿಯನ್ನು ಒಮ್ಮೆ ನೋಡಿದ. "ಇದೇನ್ ತಮಾಷೆನಾ?" ಎಂದ.

"ತಮಾಷೆ ಮಾಡೋಕೆ ಹೇರೋಹಳ್ಳಿವರೆಗೂ ಧೂಳು ಕುಡ್ಕೊಂಡು ಬರ್ತೀನಾ? ಕೋಟು ಹಾಕೋ ಮೊದ್ಲು ಒಳಗೆ ಕೈ ಬಿಟ್ಟು ಮೂರು ಪದರ ಎಣಿಸ್ರೋ ಅಂತ ದಿನಾ ಬೆಳಿಗ್ಗೆ ಹುಡುಗರಿಗೆ ಹೇಳೋರು ನೀವೇ ಅಲ್ವಾ? ಈಗ ನೀವು ಎಣಿಸಿ. ನಾನು ನೋಡ್ತೀನಿ."

ಬೆಂಕಿ ಆರಿಸುವುದನ್ನು ಕಲಿಸುವ ಈ ಖಾಸಗಿ ಕೇಂದ್ರದಲ್ಲಿ ಒಂಬತ್ತು ದಿನದ ಹಿಂದೆ ಕಲ್ಮೇಶ್ ಎಂಬ ಇಪ್ಪತ್ತಾರರ ಯುವಕ ತರಬೇತಿಯ ಬೆಂಕಿಯಲ್ಲಿ ಬೆಂದು, ಮೂರನೇ ದಿನ ಆಸ್ಪತ್ರೆಯಲ್ಲಿ ಸತ್ತಿದ್ದ. ಕೋಟಿನ ಪದರ ಕಿತ್ತು ಅವನನ್ನು ಕೊಂದವನು ಜೊತೆಯಲ್ಲಿ ಕಲಿಯುತ್ತಿದ್ದ ಕಿಟ್ಟಿ ಎಂದು ಪೊಲೀಸರು ಅವನನ್ನು ಹಿಡಿದಿದ್ದರು. ಇವತ್ತು ಮಧ್ಯಾಹ್ನ ಮೂರಕ್ಕೆ ಅವನನ್ನು ಕೋರ್ಟಿಗೆ ಕರೆದೊಯ್ದು, ಅಲ್ಲಿಂದ ಜೈಲಿಗೆ ಸಾಗಿಸುವವರಿದ್ದರು. ಈಗ ಹನ್ನೊಂದೂಮುಕ್ಕಾಲು.

ಪುಟ್ಟಲಕ್ಷ್ಮಿಗೆ ಗಡಿಯಾರ ನೋಡುವ ಅಗತ್ಯವಿರಲಿಲ್ಲ. ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದ ಕಿಟ್ಟಿಯ ತಾಯಿ ಪಟಾಲಮ್ಮ ಹತ್ತು ನಿಮಿಷಕ್ಕೊಮ್ಮೆ ಎದ್ದು ಕಿಟಕಿಯ ಕಡೆ ನೋಡುತ್ತಿದ್ದಳು. ಅದೇ ಸಾಕಾಗಿತ್ತು.

"ಹಾಕ್ರೀ ಮೇಷ್ಟ್ರೇ, ಏನ್ ಹಾವಾ ಅದು ಕಚ್ಚೋಕೆ?" ಎಂದರು ಬಾಗಿಲಿಗೆ ಒರಗಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಶಂಭುಲಿಂಗಪ್ಪ. ಮಹಜರಿಗೆಂದು ಕೋಟನ್ನು ಠಾಣೆಯಿಂದ ತಂದವರು ಅವರೇ. ನಿವೃತ್ತಿಗೆ ಏಳು ತಿಂಗಳಿತ್ತು. ತಪ್ಪು ಹುಡುಗನನ್ನು ಜೈಲಿಗೆ ಹಾಕಿ ಮನೆಗೆ ಹೋಗಲು ಅವರಿಗೂ ಇಷ್ಟವಿರಲಿಲ್ಲ, ಅದಕ್ಕೇ ಪುಟ್ಟಲಕ್ಷ್ಮಿಗೆ ಅರ್ಧ ಗಂಟೆ ಕೊಟ್ಟಿದ್ದರು.

ದುಂಡಪ್ಪ ಕೋಟಿನ ಕೆಳ ಅಂಚು ಎತ್ತಿ, ಎಣಿಸಲೆಂದೇ ಹೊಲಿಯದೆ ಬಿಟ್ಟಿದ್ದ ಸಂದಿನಲ್ಲಿ ಕೈ ತೂರಿಸಿದ.

"ಒಂದು. ಮೇಲಿನ ಬಟ್ಟೆ."

"ಹೂಂ."

"ಎರಡು. ಒಳಗಿನ ಮೆತ್ತೆ."

"ಆಮೇಲೆ?"

ಆಮೇಲೆ ಏನೂ ಇರಲಿಲ್ಲ. ಎರಡರ ನಡುವೆ ತೆಳ್ಳಗೆ, ಮಳೆಕೋಟಿನ ಬಟ್ಟೆಯಂಥದ್ದು ಒಂದಿರಬೇಕಿತ್ತು. ಹೊರಗಿನ ಉಗಿಯನ್ನು ಮೈಗೆ ತಾಗಗೊಡದ ಪದರ ಅದು. ಬೆಂಕಿಯ ಕೋಣೆಯಲ್ಲಿ ನೀರು ಬಿಟ್ಟ ತಕ್ಷಣ ನೀರೆಲ್ಲ ಉಗಿಯಾಗಿ ತಲೆಯ ಮೇಲೇ ಇಳಿಯುತ್ತದೆ. ಆ ಪದರವಿಲ್ಲದವನು ಇಡ್ಲಿಯಂತೆ ಬೇಯುತ್ತಾನೆ. ಕಲ್ಮೇಶ್ ಹಾಗೇ ಬೆಂದಿದ್ದ. ಕೋಟಿನ ಹೊರಗೆ ಒಂದು ಸುಟ್ಟ ಗುರುತಿಲ್ಲ, ಬಿಚ್ಚಿದಾಗ ಬೆನ್ನಿನ ಚರ್ಮ ಮೆತ್ತೆಗೇ ಅಂಟಿಕೊಂಡು ಬಂದಿತ್ತು.

"ಅದನ್ನ ಕಿತ್ತವನು ಲಾಕಪ್ಪಲ್ಲಿ ಇದಾನಲ್ಲ," ದುಂಡಪ್ಪ ಕೈ ಒರೆಸಿಕೊಂಡ. "ನನ್ನ ಹೇಳಿಕೆ ಓದಿಲ್ವಾ ನೀವು? ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ನಾನೇ ಕೈ ಹಾಕಿ ನೋಡ್ದೆ. ಮೂರೂ ಇತ್ತು. ಹತ್ತೂವರೆಗೆ ಕಲ್ಮೇಶ್ ಹಾಕ್ಕೊಂಡ. ಮಧ್ಯದಲ್ಲಿ ಕೋಟು ಕಾಯೋ ಡ್ಯೂಟಿ ಕಿಟ್ಟೀದು. ಇನ್ಯಾರು ಮಾಡ್ತಾರೆ, ದೆವ್ವನಾ?"

ಆ ಎರಡು ಮಾತೇ ಕಿಟ್ಟಿಯ ಕೊರಳಿಗೆ ಬಿದ್ದ ಕುಣಿಕೆ. ಒಂಬತ್ತಕ್ಕೆ ಸರಿಯಿತ್ತು, ಹತ್ತೂವರೆಗೆ ಇರಲಿಲ್ಲ.

"ಅವನಿಗೇನು ಬಂದಿತ್ತು ಕಲ್ಮೇಶನ್ನ ಕೊಲ್ಲೋಕೆ?"

"ಹೊಟ್ಟೆಕಿಚ್ಚು ಕಣಮ್ಮ. ಮೂರು ತಿಂಗಳೂ ಕಿಟ್ಟೀನೇ ಫಸ್ಟು. ಹಿಂದಿನ ದಿನ, ಕೊನೇದಾಗಿ ಹಗ್ಗದ ಗಂಟು ಹಾಕೋ ಪರೀಕ್ಷೇಲಿ ಕೈತಪ್ಪಿ ಎರಡನೇ ಜಾಗಕ್ಕೆ ಬಿದ್ದ. ಕೋಟಿನ ಮರ್ಯಾದೆ ಕಲ್ಮೇಶನಿಗೆ ಹೋಯ್ತು. ಉರ್ಕೊಂಡ."

ಕೋಟಿನ ಮರ್ಯಾದೆಯ ವಿಷಯ ಪುಟ್ಟಲಕ್ಷ್ಮಿಗೆ ತಿಳಿದದ್ದೇ ಇವತ್ತು ಬೆಳಿಗ್ಗೆ. ಅಂಗಳದ ಮೂಲೆಯಲ್ಲಿ ಎರಡು ಕಂಟೇನರ್ ಜೋಡಿಸಿ ಬೆಸುಗೆ ಹಾಕಿದ ಕಬ್ಬಿಣದ ಕೋಣೆಯಿದೆ. ಹುಡುಗರು ಅದನ್ನು 'ಒಲೆ' ಅನ್ನುತ್ತಾರೆ. ದಿನದ ಪಾಠಕ್ಕೆ ಅದರೊಳಗೆ ಸಣ್ಣ ಬೆಂಕಿ, ತರಬೇತಿಯ ಕೊನೆಯ ದಿನ ದೊಡ್ಡ ಬೆಂಕಿ ಹಚ್ಚುತ್ತಾರೆ. ಮೊದಲನೆಯವನಾಗಿ ಪಾಸಾದವನು ಅವತ್ತು ತನ್ನ ಕೋಟು ಬಿಟ್ಟು, ಮೇಷ್ಟ್ರ ಕೋಟು ಹಾಕಿಕೊಂಡು, ಎಲ್ಲರಿಗಿಂತ ಮುಂದೆ ಒಳಗೆ ಹೋಗಬೇಕು. ಕೋಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಳ್ಳಬೇಕು. ಒಳಗೆ ಕೈ ಬಿಟ್ಟು ಪದರ ಎಣಿಸುವ ಹಾಗಿಲ್ಲ. ಮೇಷ್ಟ್ರ ಕೋಟನ್ನು ಪರೀಕ್ಷೆ ಮಾಡುವುದೆಂದರೆ ಮೇಷ್ಟ್ರನ್ನೇ ಅನುಮಾನಿಸಿದಂತೆ.

ಆಹಾ, ಎಂಥ ಮರ್ಯಾದೆ! ಉಳಿದ ಇಪ್ಪತ್ತೊಂದು ಜನ ತಂತಮ್ಮ ಕೋಟಿನ ಪದರ ಎಣಿಸಿ ಬದುಕಿಕೊಂಡರು. ಗೌರವ ಸಿಕ್ಕವನು ಸತ್ತ.

ಪುಟ್ಟಲಕ್ಷ್ಮಿ ಬ್ಯಾಗಿನಿಂದ ಒಂದು ಪುಟ್ಟ ಭೂತಗನ್ನಡಿ ತೆಗೆದಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ಚೆಕಿಂಗ್ ಸೂಪರ್‌ವೈಸರ್ ಆಗಿದ್ದವಳು ಅವಳು. ಬಸವೇಶ್ವರನಗರದಲ್ಲಿ ಬೇಕರಿಯ ಮಹಡಿಯ ಮೇಲೆ ಪತ್ತೇದಾರಿಯ ಬೋರ್ಡು ತಗುಲಿಸಿ ಆರು ವರ್ಷವಾಗಿತ್ತು. ಅಂಗಿಯಲ್ಲಿ ಕಳ್ಳ ಹೊಲಿಗೆ ಹುಡುಕುತ್ತಿದ್ದವಳು ಈಗ ಮನುಷ್ಯರಲ್ಲಿ ಹುಡುಕುತ್ತಿದ್ದಳು. ಕೆಲಸ ಹೆಚ್ಚೇನೂ ಬದಲಾಗಿರಲಿಲ್ಲ.

"ಶಂಭುಲಿಂಗಪ್ಪನೋರೇ, ಬನ್ನಿ ಇಲ್ಲಿ. ಈ ದಾರ ನೋಡಿ. ಹಳದಿ. ಇದು ಕಂಪನಿ ದಾರ, ಬೆಂಕಿಗೂ ಕರಗಲ್ಲ. ಈಗ ಈ ಕಡೆ ನೋಡಿ."

"ಬಿಳಿ."

"ಅಂಗಡೀಲಿ ಸಿಗೋ ಮಾಮೂಲಿ ದಾರ. ಅದಕ್ಕೇ ಅಲ್ಲಲ್ಲಿ ಕರಗಿ ಬಿಟ್ಕೊಂಡಿದೆ. ಉಳಿದಿರೋ ಹೊಲಿಗೆ ಎಷ್ಟು ಸಮ ಇದೆ ನೋಡಿ. ಮಿಷನ್ ಹೊಲಿಗೆ. ಒಂದೂವರೆ ಗಂಟೇಲಿ, ಈ ಅಂಗಳದಲ್ಲಿ, ಇಪ್ಪತ್ತು ಜನರ ಕಣ್ಣೆದುರಿಗೆ, ಆ ಕಿಟ್ಟಿ ಹೊಲಿಗೆ ಮಿಷನ್ ಎಲ್ಲಿಂದ ತಂದ?"

"ಮನೆಗೆ ತಗೊಂಡು ಹೋಗಿರ್ಬೇಕು," ದುಂಡಪ್ಪ ಬಾಯಿ ಹಾಕಿದ.

"ಒಂಬತ್ತಕ್ಕೂ ಹತ್ತೂವರೆಗೂ ಮಧ್ಯೆ?"

"ನನಗೇನಮ್ಮ ಗೊತ್ತು? ನಾನು ಒಂಬತ್ತಕ್ಕೆ ನೋಡ್ದೆ, ಮೂರೂ ಇತ್ತು. ಅಷ್ಟೇ."

"ಪ್ರಮಾಣ ಮಾಡ್ತೀರಾ?"

"ಕೋರ್ಟಲ್ಲೇ ಮಾಡ್ತೀನಿ."

ಪುಟ್ಟಲಕ್ಷ್ಮಿ ಕೋಟನ್ನು ತನ್ನ ಕಡೆ ಎಳೆದುಕೊಂಡಳು. ಒಳ ಅಂಚಿನುದ್ದಕ್ಕೂ ಒಂದು ಬಿಳಿ ಪಟ್ಟಿಯಿತ್ತು. ಪ್ರತಿ ತಿಂಗಳು ಒಂದನೇ ತಾರೀಖು ಎಲ್ಲ ಕೋಟುಗಳನ್ನೂ ಪರೀಕ್ಷಿಸಿ, ಆ ಪಟ್ಟಿಯ ಮೇಲೆ ನೇರಳೆ ಶಾಯಿಯ ಮೊಹರು ಒತ್ತುವುದು ಇಲ್ಲಿನ ನಿಯಮ. 'ಪರೀಕ್ಷಿಸಿದೆ', ಕೆಳಗೆ ತಾರೀಖು, ಪಕ್ಕದಲ್ಲಿ ದುಂಡಪ್ಪನ ಗೀಚು.

"ಈ ಮೊಹರು ಯಾರದು?"

"ನಂದೇ. ಈ ತಿಂಗಳು ಒಂದನೇ ತಾರೀಖಿಂದು."

"ಒತ್ತೋಕೆ ಮುಂಚೆ ಕೈ ಹಾಕಿ ನೋಡಿದ್ರಾ?"

"ನೋಡ್ದೇ ಒತ್ತೋಕೆ ನಾನೇನು ಕತ್ತೆನಾ?"

"ಹಾಗಾದ್ರೆ ಇಲ್ಲಿ ನೋಡಿ." ಅವಳು ಗಾಜನ್ನು ಪಟ್ಟಿಯ ಮೇಲಿಟ್ಟಳು. "ಬಿಳಿ ದಾರ ಈ ಪಟ್ಟಿ ಮೇಲೇ ಹಾದು ಹೋಗಿದೆ. ಹೊಲಿಗೆ ಮೊಹರಿನ ಆಮೇಲೆ ಬಿದ್ದಿದ್ರೆ ಶಾಯಿ ಕೆಳಗಿರ್ಬೇಕಿತ್ತು, ದಾರ ಮೇಲೆ ಬೆಳ್ಳಗಿರ್ಬೇಕಿತ್ತು. ಇಲ್ಲಿ ದಾರದ ಮೇಲೇ ಶಾಯಿ ಕೂತಿದೆ. 'ಪರೀಕ್ಷಿಸಿದೆ' ಅನ್ನೋದನ್ನ ನೀವು ಈ ಬಿಳಿ ದಾರದ ಮೇಲೇ ಒತ್ತಿದೀರಿ ಸಾರ್. ಒಂದನೇ ತಾರೀಖಿಗೇ ಪದರ ಹೋಗಿತ್ತು."

ಶಂಭುಲಿಂಗಪ್ಪ ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನೆಟ್ಟಗಾದಾಗ ಅವರ ದನಿ ಬದಲಾಗಿತ್ತು.

"ಏನ್ರೀ ದುಂಡಪ್ಪ? ಕಲ್ಮೇಶ್ ಬೆಂದ ದಿನ, ಹದಿನೇಳನೇ ತಾರೀಖು ಬೆಳಿಗ್ಗೆ, ಮೂರು ಪದರ ಎಣಿಸಿದ್ರಾ ನೀವು? ಇಲ್ಲದೇ ಇರೋದನ್ನ?"

ದುಂಡಪ್ಪ ಕೋಟನ್ನು ಮೆಲ್ಲಗೆ ತನ್ನಿಂದ ದೂರ ತಳ್ಳಿದ. ಐವತ್ತೆಂಟರ ಗಟ್ಟಿ ಆಳು, ಕೂತಲ್ಲೇ ಕುಗ್ಗಿದ.

ಪುಟ್ಟಲಕ್ಷ್ಮಿಗೆ ಕನಿಕರ ಬರಲಿಲ್ಲ. ಬಿಟ್ಟರೆ ಎದ್ದು ನಿಲ್ಲುವ ಜಾತಿ ಇದು ಎಂದು ಅವಳಿಗೆ ಗೊತ್ತಿತ್ತು.

"ಒಲೆ ಒಳಗೆ ನೀವು ಕಾಲಿಟ್ಟು ಎಷ್ಟು ದಿನ ಆಯ್ತು?"

"ಏನು?"

"ಮೇಷ್ಟ್ರು ಹುಡುಗರ ಜೊತೆ ಒಳಗೆ ಇರ್ಬೇಕು ಅಂತ ನಿಯಮ. ಗೋಡೆ ಮೇಲೆ ನೀವೇ ಬರೆಸಿದೀರಿ. ಈ ತಿಂಗಳು ಒಂದೇ ಒಂದು ಸಲ ಈ ಕೋಟು ಹಾಕ್ಕೊಂಡು ಒಳಗೆ ಹೋಗಿದ್ರೂ ನಿಮ್ಮ ಬೆನ್ನು ಇಷ್ಟು ನುಣ್ಣಗಿರ್ತಿರ್ಲಿಲ್ಲ. ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಯಾಕೆ?"

"ಉಸಿರು ಕಟ್ಟುತ್ತೆ. ಬಾಗಿಲು ಹಾಕಿದ ತಕ್ಷಣ ಎದೆ ಹಿಡ್ಕೊಳ್ಳುತ್ತೆ. ಯಾರಿಗೂ ಹೇಳಿಲ್ಲ. ಇಪ್ಪತ್ತೊಂಬತ್ತು ವರ್ಷ ಬೆಂಕೀಲಿ ಕೆಲಸ ಮಾಡಿದೋನು ಕಣಮ್ಮ ನಾನು, ಬೆಂಕಿ ಅಂದ್ರೆ ಹೆದರಿಕೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಅದಕ್ಕೆ ಹೊರಗೆ ನಿಂತು ಸೀಟಿ ಊದ್ತಿದ್ರಿ. ಅವತ್ತು ಕಲ್ಮೇಶ್ ಒಳಗಿಂದ ಕೂಗ್ಲಿಲ್ವಾ?"

"ಕೂಗ್ದ."

"ನೀವೇನ್ ಮಾಡಿದ್ರಿ?"

"ಫಸ್ಟ್ ಬಂದೋನು, ಇಷ್ಟಕ್ಕೇ ಅರಚ್ತಾನಲ್ಲ ಅಂತ ಬೇಜಾರಾಯ್ತು. ಸ್ವಲ್ಪ ತಡ್ಕೊಳ್ಲಿ ಅಂತ…" ದುಂಡಪ್ಪ ಅಂಗೈಯಿಂದ ಮುಖ ಒರೆಸಿಕೊಂಡ. "ಮೂವತ್ತು ಎಣಿಸಿ ಬಾಗಿಲು ತೆಗೆಸ್ದೆ."

ಥೂ ನಿನ್ನ! ಪದರ ಎಣಿಸದವನು ಅದೊಂದನ್ನು ಮಾತ್ರ ಸರಿಯಾಗಿ ಎಣಿಸಿದ್ದ.

"ಬರ್ಕೊಳ್ಳಿ ಶಂಭುಲಿಂಗಪ್ಪನೋರೇ. ಒಂದು ತಿಂಗಳಿಂದ ಕೋಟಿಗೆ ಕೈ ಹಾಕಿಲ್ಲ. ಒಂಬತ್ತು ಗಂಟೆ ಪರೀಕ್ಷೆ ಸುಳ್ಳು. ಅಲ್ಲಿಗೆ ಕಿಟ್ಟಿ ಮೇಲಿನ ಕೇಸು ನಿಲ್ಲಲ್ಲ, ಅಲ್ವಾ?"

"ಹೆಂಗ್ ನಿಲ್ಲುತ್ತೆ? ಈ ಹೇಳಿಕೆ ಕೊಟ್ರೆ ಸಾಕು, ಹುಡುಗ ಸಂಜೆಗೆ ಮನೇಲಿರ್ತಾನೆ." ಶಂಭುಲಿಂಗಪ್ಪ ಆಗಲೇ ಪೆನ್ನು ತೆಗೆದಿದ್ದರು. ದುಂಡಪ್ಪ ಹೇಳುತ್ತ ಹೋದ, ಅವರು ಬರೆದುಕೊಂಡರು, ಅವನು ರುಜು ಹಾಕಿದ.

ಪುಟ್ಟಲಕ್ಷ್ಮಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಪಟಾಲಮ್ಮ ಅವಳ ಗಾರ್ಮೆಂಟ್ಸಿನ ಲೈನಿನಲ್ಲೇ ಎಂಟು ವರ್ಷ ಹೊಲಿದವಳು. ಗಂಡ ತೀರಿಕೊಂಡಾಗ ನಾಲ್ಕೇ ದಿನಕ್ಕೆ ಮಿಷನ್ನಿಗೆ ವಾಪಸು ಬಂದವಳು. ಮೊನ್ನೆ ಬೇಕರಿಯ ಮೆಟ್ಟಿಲು ಹತ್ತಿ ಬಂದು, "ಅಕ್ಕಾ, ನನ್ನ ಮಗನ್ನ ಬಿಡಿಸ್ಕೊಡಿ, ಇನ್ನೇನೂ ಕೇಳಲ್ಲ," ಎಂದು ಕಾಲು ಹಿಡಿದಿದ್ದಳು. ಕೊಟ್ಟ ಮಾತು ಉಳಿಯಿತು. ಈಗಲೇ ಹೋಗಿ ಹೇಳಬೇಕು ಅನ್ನಿಸಿತು.

ಆದರೂ ಕಸುಬಿನ ಬುದ್ಧಿ ಬಿಡಬೇಕಲ್ಲ! ಒಂದು ಪ್ರಶ್ನೆ ಉಳಿದಿತ್ತು.

"ಕಲ್ಮೇಶ್ ಫಸ್ಟ್ ಬರ್ತಾನೆ ಅಂತ ಒಂದು ತಿಂಗಳ ಹಿಂದೆ ಯಾರಿಗೂ ಗೊತ್ತಿರ್ಲಿಲ್ಲ. ಅಂದ್ರೆ ಬೇಯ್ಬೇಕಾಗಿದ್ದೋರು ನೀವು. ನಿಮ್ಮನ್ನ ಅಷ್ಟು ದ್ವೇಷ ಮಾಡೋರು ಯಾರು? ಕೋಟು ಹೊರಗೆ ಯಾರ ಕೈಗೆ ಹೋಗಿತ್ತು?"

ದುಂಡಪ್ಪ ತಲೆಯೆತ್ತಿದ. ಅವನ ಮುಖದಲ್ಲಿ ನಗುವಿನಂಥದ್ದೇನೋ ಕಾಣಿಸಿತು. ಸೋತವನಿಗೆ ಕೊನೆಯಲ್ಲಿ ಎಸೆಯಲು ಒಂದು ಕಲ್ಲು ಸಿಕ್ಕಿತ್ತು.

"ನಿಮಗೆ ಹೇಳಿಲ್ವಾ ಅವಳು?"

"ಯಾರು?"

"ಹೋದ ತಿಂಗಳು ಇಪ್ಪತ್ತನೇ ತಾರೀಖು ತೋಳಿನ ಪಟ್ಟಿ ಕಿತ್ತೋಗಿತ್ತು, ರಿಪೇರಿಗೆ ಕೊಟ್ಟಿದ್ದೆ. ಇಲ್ಲಿನ ಕೋಟುಗಳನ್ನೆಲ್ಲ ರಿಪೇರಿ ಮಾಡೋದು ಒಬ್ಬಳೇ. ಮನೇಲೇ ಮಿಷನ್ ಇಟ್ಕೊಂಡಿದಾಳೆ. ನಡುವಿನ ಬಟ್ಟೆಗೆ ಸೂಜಿ ತಾಗಿಸ್ಬೇಡಮ್ಮ, ತೂತಾದ್ರೆ ಒಳಗಿರೋನು ಬೆಂದುಹೋಗ್ತಾನೆ ಅಂತ ನಾನೇ ಹೇಳ್ಕೊಟ್ಟಿದ್ದೆ." ಅವನು ಕಿಟಕಿಯ ಕಡೆ ಗಲ್ಲ ತೋರಿಸಿದ. "ಅಲ್ಲೇ ಡಬ್ಬಿ ಹಿಡ್ಕೊಂಡು ಕೂತಿದಾಳಲ್ಲ."

ಪುಟ್ಟಲಕ್ಷ್ಮಿ ಕಿಟಕಿಯ ಕಡೆ ನೋಡಲಿಲ್ಲ. ಕೋಟಿನ ಅಂಚು ಎತ್ತಿ ಬಿಳಿ ಹೊಲಿಗೆ ಮುಗಿದ ಜಾಗಕ್ಕೆ ಗಾಜು ಹಿಡಿದಳು. ಮೂರು ಹೊಲಿಗೆ ಹಿಂದಕ್ಕೆ, ಮೂರು ಮುಂದಕ್ಕೆ, ಮತ್ತೆ ಮೂರು ಹಿಂದಕ್ಕೆ. ಬೇರೆ ಲೈನಿನವರು ಎರಡಕ್ಕೇ ಬಿಡುತ್ತಿದ್ದರು. ಮೂರು ಹಾಕಿ, ಹರಿದರೂ ಬಿಚ್ಚಬಾರದು ಎಂದು ತನ್ನ ಹುಡುಗಿಯರಿಗೆ ತಲೆಗೆ ಮೊಟಕಿ ಕಲಿಸಿದ್ದು ಅವಳೇ. ಇಷ್ಟು ಹೊತ್ತೂ ಶಾಯಿಯನ್ನೇ ನೋಡುತ್ತಿದ್ದವಳಿಗೆ ಕೈ ಯಾರದೆಂದು ಕಂಡಿರಲಿಲ್ಲ.

"ಮೊದ್ಲೇ ಯಾಕ್ರೀ ಹೇಳ್ಲಿಲ್ಲ ಇದನ್ನ?" ಶಂಭುಲಿಂಗಪ್ಪ ಗದರಿದರು.

"ಹೇಳಿದ್ರೆ ಒಂದು ತಿಂಗಳು ಕೈ ಹಾಕಿಲ್ಲ ಅಂತಾಗ್ತಿತ್ತಲ್ಲ. ಈಗೇನು, ಎಲ್ಲಾ ಹೋಯ್ತು."

"ಅವಳಿಗೆ ನಿಮ್ಮ ಮೇಲೆ ಏನು ಸಿಟ್ಟು?" ಎಂದಳು ಪುಟ್ಟಲಕ್ಷ್ಮಿ. ತನ್ನ ದನಿ ತನಗೇ ಅಪರಿಚಿತವಾಗಿತ್ತು.

"ಕಿಟ್ಟಿ ಒಂದಿನ ಕೈಗವಸು ಇಲ್ದೇ ಬಂದ. ಒಲೆ ಬಾಗಿಲು ಕಾದಿತ್ತು. ಇನ್ನು ಜನ್ಮದಲ್ಲಿ ಮರೀಬಾರ್ದು ಅಂತ ಅಂಗೈ ಹಿಡಿದು ಅದಕ್ಕೇ ಒತ್ತಿದೆ. ನನಗೂ ನನ್ನ ಮೇಷ್ಟ್ರು ಹಾಗೇ ಕಲಿಸಿದ್ದು. ನಾನೇನು ಸತ್ತೆನಾ?"

ಬಾಗಿಲು ಕಿರ್ ಎಂದಿತು. ಕಾದೂ ಕಾದೂ ಸಾಕಾಗಿ ಪಟಾಲಮ್ಮ ಒಳಗೆ ಬಂದಿದ್ದಳು. ಚಪ್ಪಲಿ ಹೊರಗೇ ಬಿಟ್ಟಿದ್ದಳು, ಡಬ್ಬಿ ಎದೆಗವಚಿಕೊಂಡಿದ್ದಳು.

"ಅಕ್ಕಾ, ಹನ್ನೆರಡೂಕಾಲಾಯ್ತು. ಏನಂತಾರೆ? ಬಿಡ್ತಾರಾ ಅವನ್ನ? ಅವರೆಕಾಳು ಸಾರು ಮಾಡಿದೀನಿ, ಠಾಣೇಲಿ ಕೊಡೋಕೆ…"

ಅವಳ ಕಣ್ಣು ಮೇಜಿನ ಮೇಲೆ ಬಿತ್ತು.

"ಇದ್ಯಾಕೆ ಇಲ್ಲಿದೆ?" ಎಂದಳು. "ಇದು ಮೇಷ್ಟ್ರ ಕೋಟಲ್ವಾ?"

ಪಟಾಲಮ್ಮ ದುಂಡಪ್ಪನನ್ನು ಮೇಲಿಂದ ಕೆಳಗೆ ನೋಡಿದಳು, ಒಂದು ಗಾಯವೂ ಇಲ್ಲದೆ ಕೂತಿದ್ದ ಮನುಷ್ಯನನ್ನು.

"ಕೂತ್ಕೊ ಪಟಾಲಮ್ಮ," ಪುಟ್ಟಲಕ್ಷ್ಮಿ ಎದ್ದು ಅವಳ ತೋಳು ಹಿಡಿದಳು. "ಕಲ್ಮೇಶ್ ಅವತ್ತು ಹಾಕ್ಕೊಂಡಿದ್ದು ಇದನ್ನೇ."

"ಅವನ್ಯಾಕೆ ಇದನ್ನ ಹಾಕ್ಕೊಂಡ? ಸತ್ತವನ ಕೋಟು ಅಂದ್ರಲ್ಲ ಪೊಲೀಸ್ರು, ಅವನದು ಬೇರೆ ಇತ್ತಲ್ಲ!"

"ಫಸ್ಟ್ ಬಂದೋರಿಗೆ ಕೊನೇ ದಿನ ಮೇಷ್ಟ್ರ ಕೋಟು ಹಾಕ್ತಾರಂತೆ. ಇಲ್ಲಿನ ಪದ್ಧತಿ."

ಪಟಾಲಮ್ಮ ಕೂರಲಿಲ್ಲ.

"ಫಸ್ಟ್ ಬಂದೋರಿಗಾ? ನನ್ನ ಕಿಟ್ಟಿ ಫಸ್ಟ್ ಬರ್ಲಿ ಅಂತ ಹರಕೆ ಹೊತ್ತಿದ್ದೆನಲ್ಲಕ್ಕಾ ನಾನು. ಮೂರು ವಾರ ದೀಪ ಹಚ್ಚಿದೆ…"

ದುಂಡಪ್ಪ ಕೂಡ ನೆಲ ನೋಡಿದ.

"ನಾನೇ ಮಾಡಿದ್ದು ಸಾಹೇಬ್ರೇ." ಅವಳು ಶಂಭುಲಿಂಗಪ್ಪನ ಕಡೆ ತಿರುಗಿದಳು. ಅಳುತ್ತಿರಲಿಲ್ಲ. "ಈ ಮನುಷ್ಯ ನನ್ನ ಮಗನ ಕೈ ಬೇಯಿಸ್ದ. ಇವನ ಬೆನ್ನು ಬೇಯ್ಲಿ ಅಂತ ನಡುವಿನ ಬಟ್ಟೆ ತೆಗೆದೆ. ಆ ಹುಡುಗ ಯಾರೋ, ಅವನ ತಾಯಿ ಯಾರೋ ನನಗೆ ಗೊತ್ತಿಲ್ಲ. ನನ್ನ ಕರ್ಕೊಂಡು ಹೋಗಿ, ಕಿಟ್ಟೀನ ಬಿಟ್ಬಿಡಿ. ಅವನಿಗೇನೂ ಗೊತ್ತಿಲ್ಲ."

ಅಷ್ಟರಲ್ಲಿ ಶಂಭುಲಿಂಗಪ್ಪನ ಫೋನು ಬಡಿದುಕೊಂಡಿತು. ಠಾಣೆಯಿಂದ. "ಹೂಂ… ಯಾವಾಗ?… ಎಲ್ಲಿದೆ ಅಂದ?… ಸಿಕ್ತಾ?" ಎನ್ನುತ್ತ ಅವರು ಪಟಾಲಮ್ಮನನ್ನೇ ನೋಡುತ್ತಿದ್ದರು. ಫೋನನ್ನು ಜೇಬಿಗಿಡಲೂ ಮರೆತರು.

"ಕಿಟ್ಟಿ ಒಪ್ಕೊಂಡ್ಬಿಟ್ನಂತೆ ಮೇಡಂ. ಪದರ ತೆಗೆದೋನು ನಾನೇ, ಬಟ್ಟೆ ನಮ್ಮನೆ ಹೊಲಿಗೆ ಮಿಷನ್ ಪೆಟ್ಟಿಗೆ ತಳದಲ್ಲಿದೆ, ತಗೊಂಬನ್ನಿ ಅಂದ್ನಂತೆ. ನಮ್ಮೋರು ಹೋಗಿ ನೋಡಿದ್ರೆ ಅಲ್ಲೇ ಇದೆ."

"ಸುಳ್ಳು!" ಪಟಾಲಮ್ಮ ಚೀರಿದಳು. "ಅಲ್ಲಿ ಬಚ್ಚಿಟ್ಟಿದ್ದು ನಾನು. ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ!"

"ಅವನಿಗೆ ಗೊತ್ತಿತ್ತಲ್ಲ," ಎಂದರು ಶಂಭುಲಿಂಗಪ್ಪ ಮೆಲ್ಲಗೆ.

ಮೂರು ತಿಂಗಳು ಫಸ್ಟ್ ಇದ್ದ ಹುಡುಗ ಸರಿಯಾಗಿ ಕೊನೆಯ ಗಂಟಿನಲ್ಲೇ ಕೈತಪ್ಪಿದ್ದ. ಕೇಳಬೇಕಾದದ್ದನ್ನು ಕೇಳಲು ಪುಟ್ಟಲಕ್ಷ್ಮಿಗೆ ಬಾಯಿ ಬರಲಿಲ್ಲ, ಆದರೂ ಕೇಳಿದಳು.

"ಪಟಾಲಮ್ಮ, ನೀನು ಆ ಕೋಟು ಹೊಲಿದಾಗ ಕಿಟ್ಟಿ ಎಲ್ಲಿದ್ದ?"

ಪಟಾಲಮ್ಮನ ಕೈಯಿಂದ ಡಬ್ಬಿ ಜಾರಿತು. ಸಾರು ನೆಲದ ಮೇಲೆ ಹರಿಯಿತು.

"ಪಕ್ಕದಲ್ಲೇ ಇದ್ದ. ಕೈ ಇನ್ನೂ ವಾಸಿಯಾಗಿರ್ಲಿಲ್ಲ, ನಾನೇ ತುತ್ತು ಮಾಡಿ ತಿನ್ನಿಸ್ತಿದ್ದೆ. ತಿನ್ನಿಸ್ತಾ ತಿನ್ನಿಸ್ತಾನೇ ಹೊಲಿದೆ."

"ಏನೂ ಕೇಳ್ಲಿಲ್ವಾ ಅವನು?"

"ಕೇಳ್ದ. ಯಾರ ಕೋಟಮ್ಮಾ ಇದು ಅಂದ. ಮೇಷ್ಟ್ರದು ಅಂದೆ. ಸುಮ್ನೆ ನೋಡ್ತಾ ಇದ್ದ. ಆಮೇಲೆ ಇನ್ನೊಂದು ತುತ್ತು ಹಾಕಮ್ಮ ಅಂದ."